ಸಾವಿಲ್ಲದ ಬದುಕು ಬೇಕೇ?

ಒಂದು ಗುಟುಕು ನೀರು ಕುಡಿದರೆ ಸಾವೇ ಬಾರದು ಎಂದರೆ ನೀವು ಕುಡಿಯುವಿರಾ?

ಅಮೆರಿಕದ ಲೇಖಕಿ ನತಾಲಿ ಬ್ಯಾಬಿಟ್ 1975ರಲ್ಲಿ ಬರೆದ 'ಟಕ್ ಎವರ್‌ಲಾಸ್ಟಿಂಗ್' ಎಂಬ ಮಕ್ಕಳ ಕಾದಂಬರಿ ಓದಿದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಕಾಡಿನ ಬುಗ್ಗೆಯ ನೀರು ಕುಡಿದ ಟಕ್ ಕುಟುಂಬಕ್ಕೆ ಮುಪ್ಪಿಲ್ಲ, ಮರಣವಿಲ್ಲ. ಆದರೆ ನೆಮ್ಮದಿಯೂ ಇಲ್ಲ. ಹಿರಿಮಗ ಮೈಲ್ಸ್‌ನಿಗೆ ವಯಸ್ಸಾಗದ್ದನ್ನು ಕಂಡು ಹೆದರಿದ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಅವನನ್ನು ತೊರೆಯುತ್ತಾಳೆ. ಗುಟ್ಟು ತಿಳಿದ ಹತ್ತು ವರ್ಷದ ವಿನ್ನಿಯ ಕೈಗೂ ಆ ನೀರಿನ ಬಾಟಲಿ ಸಿಗುತ್ತದೆ. ಅವಳು ಅದನ್ನು ಒಂದು ಕಪ್ಪೆಯ ಮೇಲೆ ಸುರಿದುಬಿಡುತ್ತಾಳೆ! ಮುಂದೆ ಮದುವೆಯಾಗಿ, ತಾಯಿಯಾಗಿ, 1948ರಲ್ಲಿ ಎಲ್ಲರಂತೆ ಮಣ್ಣು ಸೇರುತ್ತಾಳೆ.

ಅಮೃತದ ಆಸೆ ನಮಗೂ ಹೊಸತಲ್ಲ. ಅಜ್ಜಿಯರ ಕಥೆಯ ಸಿಕಂದರ್ ಆಬೆ ಹಯಾತ್ ಹುಡುಕಿ ಬರಿಗೈಯಲ್ಲಿ ಮರಳಿದ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರ ಹೊಯ್ಸಳ ದೇಗುಲವಿದೆ, ಕಟ್ಟಿಸಿದವರಿಲ್ಲ. ಕಡೂರು ತಾಲೂಕಿನ ಅಯ್ಯನಕೆರೆಯಿದೆ, ಮಣ್ಣು ಹೊತ್ತವರಿಲ್ಲ. ಬೆಣ್ಣೆ ಚಾವಡಿಯ ದನಗಳಿಗೆ ಅಮೃತ ಮಹಲ್ ಎಂದು ಹೆಸರಿಟ್ಟ ಟಿಪ್ಪು ಸುಲ್ತಾನ್ 1799ರಲ್ಲಿ ಹುತಾತ್ಮರಾದರು. ಅಜ್ಜಂಪುರದಲ್ಲಿ ಆ ತಳಿ ಇಂದಿಗೂ ಇದೆ. ಯಾವ ಹಸುವೂ ಸಾಯದೆ ಉಳಿದದ್ದರಿಂದಲ್ಲ, ತಾಯಿಯಿಂದ ಕರುವಿಗೆ ದಾಟಿ ಬಂದದ್ದರಿಂದ.

ಹಾಸಿಗೆ ಹಿಡಿದ ಅಮ್ಮನನ್ನು ಕಂಡಾಗ ಆ ನೀರು ಸಿಗಬಾರದೇ ಎನಿಸುವುದು ಸಹಜ. ಆದರೆ ಯೋಚಿಸಿ. ಸಾವಿಲ್ಲದ ತಾಯಿ ಒಂದು ದಿನ ತನ್ನೆಲ್ಲ ಮಕ್ಕಳ ಮಯ್ಯಿತ್ ನೋಡಬೇಕಾದೀತು. ಯಾವ ತಾಯಿ ಅದನ್ನು ಬಯಸುತ್ತಾಳೆ?

ಆಯುಸ್ಸಿಗೆ ಮಿತಿಯಿದೆ. ಆದ್ದರಿಂದಲೇ ಇಂದಿನ ಸಂಜೆಗೆ ಬೆಲೆಯಿದೆ. ಪತ್ರಿಕೆ ಬದಿಗಿಟ್ಟು ಅವರ ಬಳಿ ಕುಳಿತು ಎರಡು ಮಾತಾಡಿ.