ಮಾತೆಂಬ ಮದ್ದನ್ನು ಅಳೆಯುವ ಬಗೆ

ಯುದ್ಧ ಮುಗಿದು ಒಪ್ಪಂದಕ್ಕೆ ಸಹಿ ಬಿದ್ದ ಮೇಲೂ ಕೆಲವು ಯೋಧರ ಪಾಲಿಗೆ ಯುದ್ಧ ಮುಗಿದಿರುವುದಿಲ್ಲ. ಹತ್ತಿಪ್ಪತ್ತು ವರ್ಷಗಳಾದರೂ ಅದೇ ದೃಶ್ಯ ಕನಸಿನಲ್ಲಿ ಮರಳುತ್ತದೆ. ಬಾಗಿಲು ಬಡಿದ ಸದ್ದಿಗೆ ಮೈ ಬೆಚ್ಚಿಬೀಳುತ್ತದೆ. ಹೆಂಡತಿ ಮಕ್ಕಳ ನಡುವೆ ಕುಳಿತಿದ್ದರೂ ಮನಸ್ಸು ಮರಗಟ್ಟಿರುತ್ತದೆ. ಒಂದನೆಯ ಮಹಾಯುದ್ಧದ ಕಾಲದಲ್ಲಿ, 1915ರಲ್ಲಿ, ಚಾರ್ಲ್ಸ್ ಮೈಯರ್ಸ್ ಎಂಬ ಆಂಗ್ಲ ವೈದ್ಯರು ಇಂಥ ರೋಗಿಗಳ ವಿಚಾರವನ್ನು 'ಷೆಲ್ ಷಾಕ್' ಎಂಬ ಹೆಸರಿನಡಿ ಪ್ರಕಟಿಸಿದರು. 1980ರಲ್ಲಿ ಅಮೆರಿಕಾದ ಮನೋವೈದ್ಯರ ಸಂಘವು ತನ್ನ ರೋಗಗಳ ಪಟ್ಟಿಯಲ್ಲಿ ಇದಕ್ಕೊಂದು ಸ್ಥಾನವನ್ನು ಕೊಟ್ಟಿತು. ನಾವು ಇದನ್ನು 'ಆಘಾತೋತ್ತರ ಬೇನೆ' ಎಂದು ಕರೆಯೋಣ. ಇದು ಯೋಧರಿಗೆ ಮಾತ್ರ ಬರುವುದೆಂದಲ್ಲ. ಅಪಘಾತ, ಭೂಕಂಪ, ಅತ್ಯಾಚಾರಗಳಿಗೆ ಸಿಕ್ಕಿದವರಿಗೂ ಬರಬಹುದು.

ಇದಕ್ಕೆ ಮಾತೇ ಮದ್ದೆಂಬ ಭಾವನೆ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ನಾರ್ತ್‌ಫೀಲ್ಡ್ ಸೈನಿಕ ಆಸ್ಪತ್ರೆಯ ವೈದ್ಯರು ರೋಗಿಗಳನ್ನು ಗುಂಪಾಗಿ ಕೂಡಿಸಿ ಚಿಕಿತ್ಸೆ ನಡೆಸಿದರು. ಅವರಲ್ಲಿ ಒಬ್ಬರಾದ ವಿಲ್‌ಫ್ರೆಡ್ ಬಿಯಾನ್ ಹುಟ್ಟಿದ್ದು ನಮ್ಮ ಮಥುರೆಯಲ್ಲಿ. ರೋಗಿಗಳು ಬಹಳ, ವೈದ್ಯರು ಸ್ವಲ್ಪ ಎಂಬುದು ಗುಂಪಿಗೆ ಒಂದು ಕಾರಣ. ಕಂಡವನ ಸಂಕಟ ಕಂಡವನಿಗೇ ಗೊತ್ತು ಎಂಬುದು ಇನ್ನೊಂದು.

ಆದರೆ ಈ ಮದ್ದು ಕೆಲಸ ಮಾಡುತ್ತದೆಂದು ತಿಳಿಯುವುದು ಹೇಗೆ? 'ಗುಂಪಿಗೆ ಬಂದವರು ಗುಣಮುಖರಾದರು' ಎಂದರೆ ಸಾಲದೆ? ಸಾಲದು. ಗೈಗರ್ ಗಣಕವನ್ನು ನೋಡಿದ ವಿದ್ಯಾರ್ಥಿಗಳು ಬಲ್ಲರು: ಮುಂದೆ ರೇಡಿಯಂ ಇಲ್ಲದಿದ್ದರೂ ಅದು ಆಗೊಮ್ಮೆ ಈಗೊಮ್ಮೆ ಟಿಕ್ ಎನ್ನುತ್ತಲೇ ಇರುತ್ತದೆ. ಆ ಹಿನ್ನೆಲೆಯ ಎಣಿಕೆಯನ್ನು ಕಳೆದ ಹೊರತು ರೇಡಿಯಂನ ಪಾಲು ಎಷ್ಟೆಂದು ಹೇಳಲಾಗದು. ಇಲ್ಲಿಯೂ ಅಂಥ ಹಿನ್ನೆಲೆ ಉಂಟು. ಕಾಲವೇ ಕೆಲವು ಗಾಯಗಳನ್ನು ಮಾಯಿಸುತ್ತದೆ. ಬೇನೆ ಅತಿಯಾದಾಗಲೇ ಜನ ವೈದ್ಯರನ್ನು ಹುಡುಕುವುದರಿಂದ, ಏನೂ ಮಾಡದಿದ್ದರೂ ಮುಂದಿನ ಅಳತೆ ತುಸು ಇಳಿದೀತು. ಇವೆರಡಕ್ಕೂ ಮಿಗಿಲಾಗಿ, ವಾರಕ್ಕೊಮ್ಮೆ ಯಾರೋ ನಮ್ಮ ಮಾತನ್ನು ಆದರದಿಂದ ಕೇಳುತ್ತಾರೆ ಎಂಬುದೇ ಒಂದು ಉಪಶಮನ.

ಈ ಹಿನ್ನೆಲೆಯನ್ನು ಕಳೆಯಲು ನಡೆದ ಒಂದು ದೊಡ್ಡ ಪ್ರಯತ್ನದ ಫಲಿತಾಂಶವನ್ನು ಪೌಲಾ ಷ್ನರ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದರು. ಅಮೆರಿಕಾದ ನಿವೃತ್ತ ಯೋಧರ ಇಲಾಖೆಯ ಹತ್ತು ಕೇಂದ್ರಗಳಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ್ದ 360 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿನ ಗುಂಪುಗಳಲ್ಲಿ ಯುದ್ಧದ ಆ ಘಟನೆಯನ್ನೇ ಎದುರಿಗಿಟ್ಟುಕೊಂಡು ಮಾತನಾಡಬೇಕು. ಇನ್ನೊಂದು ಪಾಲಿನಲ್ಲಿ ಹಳೆಯದನ್ನು ಕೆದಕದೆ ಇಂದಿನ ಬಾಳಿನ ತೊಡಕುಗಳನ್ನಷ್ಟೇ ಚರ್ಚಿಸಬೇಕು. ಇಬ್ಬರಿಗೂ ವಾರಕ್ಕೊಂದರಂತೆ 30 ಕೂಟಗಳು, ಅನಂತರ ತಿಂಗಳಿಗೊಂದರಂತೆ ಐದು. ಸ್ನೇಹ, ಆದರ, ಕಾಲ ಎರಡು ಕಡೆಯೂ ಸಮ. ಘಟನೆಯನ್ನು ಎದುರಿಸುವ ಆ ಒಂದು ಅಂಶವೇ ವ್ಯತ್ಯಾಸ.

ಬೇನೆಗೆ ಉಷ್ಣಮಾಪಕವಿಲ್ಲ. ಅದರ ಬದಲು ಪರೀಕ್ಷಕರು ಹದಿನೇಳು ಲಕ್ಷಣಗಳನ್ನು ಒಂದೊಂದಾಗಿ ಕೇಳಿ, ಅದು ಎಷ್ಟು ಸಲ ಬರುತ್ತದೆ, ಎಷ್ಟು ತೀವ್ರವಾಗಿ ಬರುತ್ತದೆ ಎಂಬುದಕ್ಕೆ ತಲಾ 0ಯಿಂದ 4ರವರೆಗೆ ಅಂಕ ಕೊಡುತ್ತಿದ್ದರು. ಗರಿಷ್ಠ ಮೊತ್ತ 136. ರೋಗಿ ಯಾವ ಪಾಲಿನವನೆಂಬುದನ್ನು ಪರೀಕ್ಷಕರಿಗೆ ತಿಳಿಸುತ್ತಿರಲಿಲ್ಲ. ರೋಗಿಯಿಂದ ಮಾತ್ರ ಅದನ್ನು ಮರೆಮಾಡುವಂತಿಲ್ಲ. ಮಾತ್ರೆಯ ಪರೀಕ್ಷೆಯಲ್ಲಿ ಸಕ್ಕರೆಯ ಗುಳಿಗೆ ಕೊಡುವಂತೆ ಇಲ್ಲಿ ಸಕ್ಕರೆಯ ಮಾತು ಕೊಡಲಾಗದು!

ಭೌತಶಾಸ್ತ್ರದವರಾದ ನಮಗೆ ತುಂಬ ರುಚಿಸಿದ್ದು ಬೇರೊಂದು ತೊಡಕು. ಒಂದೇ ಬೋಗುಣಿಯ ನೀರಿನಲ್ಲಿ ಆರು ಉಷ್ಣಮಾಪಕಗಳನ್ನು ಅದ್ದಿ, 'ಆರು ಬೋಗುಣಿಗಳನ್ನು ಅಳೆದೆವು' ಎಂದರೆ ಯಾರಾದರೂ ಒಪ್ಪುವರೆ? ಒಂದೇ ಗುಂಪಿನಲ್ಲಿ ಕುಳಿತವರು ಒಬ್ಬರ ಉತ್ಸಾಹವನ್ನೂ ಒಬ್ಬರ ಕುಗ್ಗನ್ನೂ ಹಂಚಿಕೊಳ್ಳುತ್ತಾರೆ. ಒಬ್ಬನು ಸಿಟ್ಟಿನಿಂದ ಎದ್ದುಹೋದರೆ ಉಳಿದವರೂ ಕದಲುತ್ತಾರೆ. ಆದ್ದರಿಂದ 360 ಮಂದಿ ಇದ್ದರೂ ಸ್ವತಂತ್ರವಾದ ಅಳತೆಗಳು 360 ಎನ್ನುವಂತಿಲ್ಲ. ಷ್ನರ್ ಅವರ ತಂಡವು ಇದನ್ನು ಲೆಕ್ಕಕ್ಕೆ ಹಿಡಿಯಿತು. ಅರ್ಧದಲ್ಲಿ ಬಿಟ್ಟವರನ್ನೂ ಅವರು ಲೆಕ್ಕದಿಂದ ಹೊಡೆದುಹಾಕಲಿಲ್ಲ. ನರಳಿ ಓಡಿಹೋದವರನ್ನು ಬಿಟ್ಟು ಉಳಿದವರನ್ನಷ್ಟೇ ಎಣಿಸಿದರೆ ಯಾವ ಚಿಕಿತ್ಸೆ ತಾನೆ ಸೋತೀತು?

ಫಲಿತಾಂಶವೇನು? ಎರಡು ಪಾಲಿನವರಿಗೂ ಸಾಧಾರಣ ಮಟ್ಟಿಗೆ ಗುಣ ಕಂಡಿತು; ಒಟ್ಟಿನಲ್ಲಿ ಎರಡರ ನಡುವೆ ಅಂತರ ಮಾತ್ರ ಕಾಣಲಿಲ್ಲ. ಘಟನೆಯನ್ನು ಎದುರಿಸಬೇಕಾದ ಗುಂಪುಗಳಿಂದ ಬಿಟ್ಟುಹೋದವರು ಹೆಚ್ಚು. ಸಾಕಷ್ಟು ಕೂಟಗಳಿಗೆ ಬಂದವರಲ್ಲಿ ಕೆಲವು ಲಕ್ಷಣಗಳು ಹೆಚ್ಚು ಇಳಿದಂತೆ ತೋರಿತೆಂಬುದು ನಿಜ; ಆದರೆ ಕೊನೆಯವರೆಗೆ ಉಳಿದವರು ಮೊದಲೇ ಗಟ್ಟಿಗರಿರಬಹುದಲ್ಲವೆ?

ಹತ್ತು ವರ್ಷಗಳ ತರುವಾಯ, 2013ರಲ್ಲಿ, ಆಫ್ರಿಕಾದ ಪೂರ್ವ ಕಾಂಗೋದಿಂದ ಬೇರೆ ಬಗೆಯ ಸುದ್ದಿ ಬಂದಿತು. ಅಲ್ಲಿ ಲೈಂಗಿಕ ಹಿಂಸೆಗೆ ತುತ್ತಾದ ಸ್ತ್ರೀಯರಲ್ಲಿ 7 ಹಳ್ಳಿಗಳ 157 ಮಂದಿಗೆ, ಮನಸ್ಸಿನಲ್ಲಿ ಬೇರೂರಿದ 'ತಪ್ಪು ನನ್ನದೇ' ಎಂಬಂಥ ಯೋಚನೆಗಳನ್ನು ಪರೀಕ್ಷಿಸಿ ತಿದ್ದುವ ಚಿಕಿತ್ಸೆಯನ್ನು ಗುಂಪಿನಲ್ಲಿ ಕೊಟ್ಟರು. ಬೇರೆ 8 ಹಳ್ಳಿಗಳ 248 ಮಂದಿಗೆ ಬೇಕೆಂದಾಗ ಒಬ್ಬೊಬ್ಬರಾಗಿ ಬಂದು ಪಡೆಯುವ ನೆರವು. ಬಹು ಮಂದಿಗೆ ಓದುಬರಹ ಬಾರದಿದ್ದುದರಿಂದ ಪಾಠಗಳನ್ನು ಬಾಯಿಪಾಠಕ್ಕೆ ಒಗ್ಗುವಂತೆ ಸರಳಗೊಳಿಸಿದರು. ನಡೆಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆಯರು. ಆರು ತಿಂಗಳ ಬಳಿಕ, ಖಿನ್ನತೆ ಅಥವಾ ಆತಂಕದ ಬೇನೆ ಇರಬಹುದೆನ್ನಿಸುವವರು ಚಿಕಿತ್ಸೆಯ ಹಳ್ಳಿಗಳಲ್ಲಿ ನೂರಕ್ಕೆ 9, ಉಳಿದ ಹಳ್ಳಿಗಳಲ್ಲಿ ನೂರಕ್ಕೆ 42. ಆಘಾತೋತ್ತರ ಬೇನೆಯ ವಿಷಯದಲ್ಲಿಯೂ ಅಂತರ ಹೀಗೆಯೇ. ಆದರೆ ವಿಯೆಟ್ನಾಂ ಯೋಧರ ಲೆಕ್ಕದೊಡನೆ ಇದನ್ನು ನೇರವಾಗಿ ಹೋಲಿಸುವಂತಿಲ್ಲ. ಅಲ್ಲಿ ಗುಂಪಿನ ಒಡನಾಟವನ್ನೂ ಹಿನ್ನೆಲೆಯಾಗಿ ಕಳೆದಿದ್ದರು. ಇಲ್ಲಿ ಕಳೆದ ಹಿನ್ನೆಲೆ ಚಿಕ್ಕದು.

ಹಾಗಾದರೆ ಗುಂಪು ಮೇಲೋ, ಒಬ್ಬೊಬ್ಬರಿಗೆ ಪ್ರತ್ಯೇಕ ಚಿಕಿತ್ಸೆ ಮೇಲೋ? ಕಾಂಗೋದಲ್ಲಿ ಬಳಸಿದ ವಿಧಾನವನ್ನು ಮೂಲದಲ್ಲಿ ರೂಪಿಸಿದ ಪಟ್ರೀಷಿಯಾ ರೆಸಿಕ್ ಇದನ್ನೂ ಪರೀಕ್ಷಿಸಿದರು. ಟೆಕ್ಸಾಸಿನ ಫೋರ್ಟ್ ಹುಡ್ ಸೇನಾನೆಲೆಯ 268 ಸೈನಿಕರ ಮೇಲಿನ ಈ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಎರಡು ಬಗೆಯಲ್ಲೂ ಗುಣ ಕಂಡಿತು. ಪ್ರತ್ಯೇಕ ಚಿಕಿತ್ಸೆಯಲ್ಲಿ ಹೆಚ್ಚು. ಆದರೂ ಸುಮಾರು ಅರ್ಧದಷ್ಟು ಮಂದಿಗೆ ಬೇನೆ ಉಳಿದೇ ಇತ್ತು. ಗುಂಪಿನ ಕೂಟ 90 ನಿಮಿಷದ್ದು, ಪ್ರತ್ಯೇಕ ಕೂಟ 60 ನಿಮಿಷದ್ದು, ಎರಡೂ ಹನ್ನೆರಡು ಸಲ. ಒಬ್ಬನೇ ಚಿಕಿತ್ಸಕನು ಎಂಟು ಮಂದಿಯನ್ನು ನೋಡುವನೆಂದು ಇಟ್ಟುಕೊಂಡರೆ ಗುಂಪಿಗೆ 18 ಗಂಟೆ ಸಾಕು. ಒಬ್ಬೊಬ್ಬರಾಗಿ ನೋಡಲು 96 ಗಂಟೆ ಬೇಕು. ಸೇನಾನೆಲೆಯಲ್ಲಿ ಆ 96 ಗಂಟೆ ದೊರೆತೀತು. ಕಾಂಗೋದ ಹಳ್ಳಿಯಲ್ಲಿ ದೊರೆಯುವುದು ಕಷ್ಟ.