ಶೇಂಗಾ ಮೊಸರು ಉಂಡು ಬಂದೆ

ಶನಿವಾರ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದೆ. ಮರುದಿನ ಅಳಿಯಂದಿರು ‘ವೀಗನ್’ ಹೋಟೆಲಿಗೆ ಕರೆದೊಯ್ದರು. ಅಲ್ಲಿ ಮಾಂಸ, ಮೊಟ್ಟೆಯಷ್ಟೇ ಅಲ್ಲ. ಹಾಲು, ತುಪ್ಪ, ಜೇನೂ ಇಲ್ಲ! ಆದರೂ ನವಣೆ ಅನ್ನಕ್ಕೆ ಮೊಸರು ಬಂತು. ಶೇಂಗಾದ್ದಂತೆ! ಅಡುಗೆಯವರನ್ನೇ ಕೇಳಿದೆ.

ಬೀಜ ರಾತ್ರಿ ನೆನೆಸಿ, ಸಿಪ್ಪೆ ತೆಗೆದು ನುಣ್ಣಗೆ ರುಬ್ಬಬೇಕು. ನೀರು ಬೆರೆಸಿ ಸೋಸಿ, ತಳ ಹತ್ತದಂತೆ ಕುದಿಸಬೇಕು. ಉಗುರುಬೆಚ್ಚಗಾದಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿ ಮುಚ್ಚಿಡಬೇಕು.

ಊರಿಗೆ ಬಂದು ಮಾಡಿದೆವು. ಬೆಳಗಾಗುವಷ್ಟರಲ್ಲಿ ಹೆಪ್ಪಾಗಿತ್ತು. ಕೊಂಚ ಹಸಿ ವಾಸನೆ. ಸಾಸಿವೆ ಒಗ್ಗರಣೆ ಕೊಟ್ಟ ಮೇಲೆ ಹೋಯ್ತು. ಸೋಸಿದ ಚರಟ ಹಸುವಿಗಾಯ್ತು.

ಹಸು ಬಿಡಿ ಅಂತ ನಾನು ಹೇಳೋಲ್ಲ, ಗೊಬ್ಬರಕ್ಕೆ ಅದು ಬೇಕೇ ಬೇಕು. ಆದರೆ ಆ ಮೊಸರನ್ನಕ್ಕೆ 140 ರೂಪಾಯಿ. ಅದರಲ್ಲಿದ್ದ ಬೀಜ ಒಂದು ಹಿಡಿ. ನಾವು ಮೂಟೆ ಕಟ್ಟಿ ಮಂಡಿಗೆ ಹಾಕಿ ಸುಮ್ಮನಾಗುತ್ತೇವೆ. ಐದಾರು ಮನೆಯವರು ಸೇರಿ ಇಲ್ಲೇ ಮಾಡಿ ಮಾರಿ ನೋಡಬಾರದೇ?