ಬಾಡಿಗೆ ಕೋಣೆ ಮತ್ತು ಮುಗಿಯದ ಆಟ

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನದಂಥ ಊರಿನಿಂದಲೋ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದಲೋ ಓದಿಗಾಗಿ ಕಲಬುರಗಿಗೆ ಬರುವ ಹುಡುಗನ ಸ್ವತಂತ್ರ ಬದುಕು ಒಂದು ಬಾಡಿಗೆ ಕೋಣೆಯಿಂದ ಆರಂಭವಾಗುತ್ತದೆ. ಇಬ್ಬರು ಮೂವರು ಸೇರಿ ಹಿಡಿದ ಖೋಲಿ, ಒಂದು ಗ್ಯಾಸ್ ಒಲೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ, ಅದರ ಮೇಲೆ ಬಟ್ಟೆ. ಊರಿನ ಬಸ್ಸಿನಲ್ಲಿ ಬುತ್ತಿಯ ಗಂಟು ಬರುತ್ತದೆ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಪುಂಡಿಪಲ್ಯ. ನಿಲ್ದಾಣಕ್ಕೆ ಹೋಗಿ ಅದನ್ನು ಇಳಿಸಿಕೊಂಡು ಬಂದರೆ ಊಟದ ಚಿಂತೆ ಎರಡು ದಿನದ ಮಟ್ಟಿಗೆ ತೀರಿತು. ಆದರೆ ಯಾವಾಗ ಏಳಬೇಕು, ಯಾವಾಗ ಉಣ್ಣಬೇಕು, ಯಾವಾಗ ದೀಪ ಆರಿಸಬೇಕು ಎಂದು ಹೇಳುವವರು ಬುತ್ತಿಯ ಜೊತೆಗೆ ಬರುವುದಿಲ್ಲ.

ಇಂಥ ಕೋಣೆಗಳಲ್ಲಿ ರಾತ್ರಿ ಹತ್ತರ ನಂತರ ಉಳಿಯುವುದು ಎರಡು: ಕಿವಿಯಲ್ಲಿ ಹಾಡು, ಕೈಯಲ್ಲಿ ಆಟ. ಹಿರಿಯರು ಇದನ್ನು ಹುಡುಗನ ಮನೋಬಲದ ಕೊರತೆ ಎಂದು ಸುಲಭವಾಗಿ ತೀರ್ಮಾನಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹುಡುಗ ಆಟವನ್ನು ಏಕೆ ಬಿಡುತ್ತಿಲ್ಲ ಎಂದು ಕೇಳುವ ಮೊದಲು, ಆ ಆಟಕ್ಕೆ ಬಿಡುವ ಜಾಗವನ್ನು ಇಟ್ಟಿದ್ದಾರೆಯೇ ಎಂದು ನೋಡಬೇಕು.

ವಿಡಿಯೋ ಗೇಮುಗಳು ಮೊದಲಿನಿಂದಲೂ ಹೀಗಿರಲಿಲ್ಲ. 1997ರಲ್ಲಿ ನೋಕಿಯಾ 6110 ಫೋನಿನೊಡನೆ ಬಂದ ಹಾವಿನ ಆಟವನ್ನು ನೆನಪಿಸಿಕೊಳ್ಳಿ. ಹಾವು ಬೆಳೆಯುತ್ತ ಬೆಳೆಯುತ್ತ ಕೊನೆಗೆ ತನ್ನ ಮೈಗೆ ತಾನೇ ಬಾಯಿ ಹಾಕಿ ಸಾಯುತ್ತಿತ್ತು. 1985ರ ಸೂಪರ್ ಮಾರಿಯೋದಲ್ಲಿ ರಾಜಕುಮಾರಿ ಸಿಕ್ಕರೆ ಆಟ ಮುಗಿಯಿತು. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ಪೆಟ್ಟಿಗೆಗಳ ಮೂಲಕ ಇಂಥ ಆಟಗಳು ನಮ್ಮ ಊರುಗಳಿಗೂ ಬಂದವು. ನಮ್ಮ ಭಾಗದಲ್ಲಿ ರಾಜಕುಮಾರಿಗಿಂತ ಮೊದಲೇ ಕರೆಂಟು ಹೋಗುತ್ತಿತ್ತು ಎಂಬುದು ಬೇರೆ ಮಾತು.

ಆ ಕಾಲದ ಆಟಗಳ ಸಂಗೀತಕ್ಕೆ ಒಂದು ವಿಶೇಷವಿತ್ತು. ಅದು ಹೊತ್ತನ್ನು ಹೇಳುತ್ತಿತ್ತು. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ರೂಪಿಸಿದ ಸ್ಪೇಸ್ ಇನ್‌ವೇಡರ್ಸ್ ಆಟದಲ್ಲಿ ಇದ್ದದ್ದು ನಾಲ್ಕೇ ಸ್ವರ. ಶತ್ರುಗಳ ನಡೆ ಚುರುಕಾದಂತೆಲ್ಲ ಆ ನಾಲ್ಕು ಸ್ವರಗಳ ಓಟವೂ ಚುರುಕಾಗುತ್ತಿತ್ತು. ಆಡುವವನ ಎದೆಬಡಿತವೂ ಅದರ ಜೊತೆಗೇ. ಮಾರಿಯೋಗೆ ಸಂಗೀತ ಕೊಟ್ಟ ಕೋಜಿ ಕೊಂಡೊ ಅವರಿಗೆ ಯಂತ್ರದಲ್ಲಿ ದೊರಕಿದ್ದು ಐದು ಧ್ವನಿಮಾರ್ಗಗಳು ಮಾತ್ರ. ಅಷ್ಟರಲ್ಲೇ ಅವರು ಕಟ್ಟಿದ ರಾಗ, ಗಡಿಯಾರದಲ್ಲಿ ನೂರಕ್ಕಿಂತ ಕಡಿಮೆ ಉಳಿದಾಗ ಇದ್ದಕ್ಕಿದ್ದಂತೆ ವೇಗ ಪಡೆಯುತ್ತದೆ. ‘ಹೊತ್ತಾಯಿತು’ ಎಂದು ಎಚ್ಚರಿಸುವ ಸಂಗೀತವದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಈ ರಾಗವನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ದಾಖಲೆಗೆ ಸೇರಿಸಿಕೊಂಡಿತು. ವಿಡಿಯೋ ಗೇಮಿನ ಸಂಗೀತಕ್ಕೆ ಅಂಥ ಮನ್ನಣೆ ಸಿಕ್ಕಿದ್ದು ಅದೇ ಮೊದಲು. 1989ರಲ್ಲಿ ಗೇಮ್‌ಬಾಯ್ ಯಂತ್ರದೊಡನೆ ಲೋಕವೆಲ್ಲ ಸುತ್ತಿದ ಟೆಟ್ರಿಸ್ ಆಟದ ರಾಗವಂತೂ ರಷ್ಯಾದ ಊರೂರು ತಿರುಗುವ ವ್ಯಾಪಾರಿಗಳ ಮೇಲಿನ ಹಳೆಯ ಹಾಡಿನದು. ನಮ್ಮ ದಮ್ಮಡಿಯ ಪದವೊಂದು ಇನ್ನೂ ಹಾಗೆ ಯಾವ ಆಟದ ಬೆನ್ನೇರಿ ಹೊರಟಂತೆ ಕಾಣೆ.

ಇಂದಿನ ಮೊಬೈಲ್ ಆಟದ ಕಡೆಗೆ ಬರೋಣ. ನಮ್ಮ ಹುಡುಗರು ಹೆಚ್ಚಾಗಿ ಆಡುವ ಯುದ್ಧದ ಆಟಗಳಲ್ಲಿ ಪಂದ್ಯದ ನಡುವೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಎದುರಾಳಿಯ ಹೆಜ್ಜೆಯ ಸಪ್ಪಳ ಕೇಳಬೇಕಲ್ಲ! ಸುಮಾರು ಅರ್ಧ ತಾಸಿನಲ್ಲಿ ಪಂದ್ಯ ಮುಗಿಯುತ್ತದೆ. ಎದ್ದು ನೀರು ಕುಡಿದು ಮಲಗಬಹುದಾದ ಗಳಿಗೆ ಅದು. ಸರಿಯಾಗಿ ಅಲ್ಲಿಯೇ, ಮುಂದಿನ ಪಂದ್ಯಕ್ಕೆ ಕಾಯುವ ಅಂಗಳದಲ್ಲಿ, ಸಂಗೀತ ಶುರುವಾಗುತ್ತದೆ. ಆರಂಭ ಯಾವುದು ಅಂತ್ಯ ಯಾವುದು ತಿಳಿಯದಂತೆ ಹೆಣೆದ ಸುತ್ತು ಅದು. ಪರದೆಯ ಮೇಲೆ ಇಂದಿನ ಉಡುಗೊರೆ, ನಾಳೆ ಬಂದರೆ ಸಿಗುವ ಉಡುಗೊರೆ, ಇನ್ನು ಕೆಲವೇ ದಿನಗಳಲ್ಲಿ ಮುಗಿಯಲಿರುವ ‘ಸೀಸನ್’. ಪಂದ್ಯಕ್ಕೆ ಕೊನೆಯಿದೆ, ಆಟಕ್ಕಿಲ್ಲ.

ಬಿಟ್ಟಿ ಆಟದ ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೆಲವರು ಕೇಳುತ್ತಾರೆ. ಜಾಹೀರಾತಿನಿಂದ, ಮತ್ತು ಆಟದೊಳಗಿನ ಅಂಗಡಿಯಿಂದ. ಅಲ್ಲಿ ಬಂದೂಕಿಗೆ ಬಣ್ಣ, ಪಾತ್ರಕ್ಕೆ ಅಂಗಿ ಮಾರಾಟಕ್ಕಿರುತ್ತವೆ. ಬೆಲೆಯನ್ನು ರೂಪಾಯಿಯಲ್ಲಿ ಬರೆಯುವುದಿಲ್ಲ. ಮೊದಲು ರೂಪಾಯಿ ಕೊಟ್ಟು ಆಟದ ನಾಣ್ಯ ಕೊಳ್ಳಬೇಕು, ಆಮೇಲೆ ನಾಣ್ಯ ಕೊಟ್ಟು ಅಂಗಿ. ನಡುವೆ ಈ ಒಂದು ಮೆಟ್ಟಿಲು ಇರುವುದರಿಂದ ಖರ್ಚು ಖರ್ಚೆನಿಸುವುದಿಲ್ಲ. ಕೆಲವು ವಸ್ತುಗಳು ನೇರವಾಗಿ ದೊರೆಯುವುದೂ ಇಲ್ಲ. ಮುಚ್ಚಿದ ಪೆಟ್ಟಿಗೆ ತೆರೆಯಬೇಕು, ಸಿಕ್ಕರೆ ಸಿಕ್ಕಿತು. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಕೊಂಡ ಸಂಗತಿ ಇದೇ. ಕುಟುಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತೊಡನೆ ಹಕ್ಕಿ ಕುಟುಕುವುದನ್ನೂ ಬೇಗ ನಿಲ್ಲಿಸುತ್ತದೆ. ಯಾವಾಗ ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಕುಟುಕುತ್ತಲೇ ಇರುತ್ತದೆ. 2021ರಲ್ಲಿ ಬಿಜಿಎಂಐ ಆಟ ಬಂದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ 3 ತಾಸಿನ ಹಾಗೂ 7,000 ರೂಪಾಯಿಯ ಮಿತಿ ಹಾಕಿರುವುದಾಗಿ ಕಂಪನಿ ಪ್ರಕಟಿಸಿತ್ತು. ದಿನಕ್ಕೆ ಏಳು ಸಾವಿರ! ಹುಡುಗರು ಹಂಚಿಕೊಂಡಿರುವ ಎಷ್ಟೋ ಕೋಣೆಗಳ ತಿಂಗಳ ಬಾಡಿಗೆಯೂ ಅಷ್ಟಿಲ್ಲ.

ಸರ್ಕಾರ ಸುಮ್ಮನೆ ಕುಳಿತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರವು ಪಬ್‌ಜಿ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಕಾರಣ ದೇಶದ ಭದ್ರತೆ, ಹುಡುಗರ ನಿದ್ದೆಯಲ್ಲ. ಮರುವರ್ಷ ಜುಲೈನಲ್ಲಿ ಅದೇ ಆಟ ಬಿಜಿಎಂಐ ಹೆಸರಿನಲ್ಲಿ ಮರಳಿತು. 2022ರ ಜುಲೈನಲ್ಲಿ ಮತ್ತೆ ಕಣ್ಮರೆ, 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು. ಆಡಿಸುವವರಿಗೆ 3 ವರ್ಷದವರೆಗೆ ಸೆರೆವಾಸ, 1 ಕೋಟಿ ರೂಪಾಯಿವರೆಗೆ ದಂಡ, ಆಡುವವರಿಗೆ ಶಿಕ್ಷೆಯಿಲ್ಲ. ಇದು ಅಗತ್ಯವಾಗಿದ್ದ ಕಾನೂನೆಂಬುದು ನನ್ನ ಅಭಿಪ್ರಾಯ. ತೊಗರಿ ಮಾರಿದ ಹಣವನ್ನು ಅಪ್ಪ ಮಗನ ಫೀಸಿಗೆಂದು ಫೋನಿಗೇ ಕಳಿಸುವ ಕಾಲವಿದು. ಆದರೆ ಈ ಕಾನೂನು ಕಾಯುವುದು ಪಣದ ಹಣವನ್ನು. ಪಣವಿಲ್ಲದ ಆಟ ನುಂಗುವ ರಾತ್ರಿ ಅದರ ಲೆಕ್ಕಕ್ಕೆ ಬರುವುದಿಲ್ಲ, ಬರಲೂ ಆಗದು.

ಮುಗಿಯುವುದೆಂದರೆ ಏನೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಇದು ತತ್ವಪದಗಳ ನಾಡು. ಕಡಕೋಳ ಮಡಿವಾಳಪ್ಪನವರು ಹುಟ್ಟಿದ್ದು ಅಫಜಲಪುರ ಸೀಮೆಯ ಬಿದನೂರಿನಲ್ಲಿ, ನೆಲೆಸಿದ್ದು ಜೇವರ್ಗಿ ಸೀಮೆಯ ಕಡಕೋಳದಲ್ಲಿ. ಚೆನ್ನೂರ ಜಲಾಲಸಾಹೇಬರು, ಖೈನೂರ ಕೃಷ್ಣಪ್ಪನವರು ಅವರ ಶಿಷ್ಯ ಪರಂಪರೆಯವರು. ಅಮಾವಾಸ್ಯೆಯ ರಾತ್ರಿ ಮಠದ ಅಂಗಳದಲ್ಲಿ ಏಕತಾರಿ, ದಮ್ಮಡಿ, ತಾಳ ಹಿಡಿದು ಕುಳಿತ ಭಜನೆಯವರು ಬೆಳಗಿನವರೆಗೆ ಹಾಡಬಲ್ಲರು. ಹೊತ್ತಿನ ಲೆಕ್ಕದಲ್ಲಿ ನೋಡಿದರೆ ಅದು ಯಾವ ಮೊಬೈಲ್ ಆಟಕ್ಕೂ ಕಡಿಮೆಯಲ್ಲ. ಪಲ್ಲವಿಯೂ ಒಂದು ಬಗೆಯ ಸುತ್ತೇ. ಒಬ್ಬ ಎತ್ತಿಕೊಟ್ಟದ್ದನ್ನು ಉಳಿದವರು ಮತ್ತೆ ಮತ್ತೆ ಹಾಡುತ್ತಾರೆ. ಆದರೆ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ಅಂಕಿತ ಬಂತೆಂದರೆ ಪದ ಮುಗಿಯಿತೆಂದು ಕೇಳುವವರಿಗೆಲ್ಲ ಗೊತ್ತು. ಎಲ್ಲ ಪದಗಳ ನಂತರ ಮಂಗಳಾರತಿ. ಆಮೇಲೆ ಇನ್ನೊಂದು ಹಾಡು ಹೇಳೆಂದು ಯಾರೂ ಕೇಳುವುದಿಲ್ಲ, ಎದ್ದು ಮನೆಗೆ ಹೋಗುತ್ತಾರೆ. ಹಾಡಿನ ಒಳಗೇ ಎದ್ದುಹೋಗುವ ಬಾಗಿಲು ಇದೆ.

ಹಾಗೆಂದು ಆಟವೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. ಓದು ಮುಗಿಸಿ ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಹೋದ ಹುಡುಗ, ಊರಲ್ಲುಳಿದ ಗೆಳೆಯ, ಕಲಬುರಗಿಯ ಕೋಣೆಯಲ್ಲಿರುವ ಮತ್ತೊಬ್ಬ, ಮೂವರೂ ರಾತ್ರಿ ಒಂದೇ ತಂಡದಲ್ಲಿ ಸೇರುತ್ತಾರೆ. ‘ಲೇ, ಆ ಮನಿ ಒಳಗ ಒಬ್ಬ ಕುಂತಾನ, ನೋಡ್ಕೊಂಡು ಬಾ’ ಎಂಬ ಮಾತು ಕಿವಿಗೆ ಬೀಳುತ್ತದೆ. ಇಡೀ ದಿನ ಆಫೀಸಿನಲ್ಲಿ ಬೇರೆ ಭಾಷೆ ಆಡಿ ಬಂದವನಿಗೆ ಆ ‘ಕುಂತಾನ’ ಎಂಬ ಒಂದು ಮಾತು ಎಷ್ಟು ಬೇಕಾಗಿತ್ತೆಂಬುದನ್ನು ಒಂಟಿ ಕೋಣೆಯಲ್ಲಿ ಇದ್ದವರೇ ಬಲ್ಲರು. ಊರ ಕಟ್ಟೆ ಈಗ ಫೋನಿನೊಳಗೆ ಹೊಕ್ಕಿದೆ. ಹುಡುಗಿಯರಿಗೆ ಈ ಕಟ್ಟೆಯಲ್ಲಿಯೂ ಜಾಗ ಕಡಿಮೆ. ತಂಡದಲ್ಲಿ ಹೆಣ್ಣಿನ ದನಿ ಕೇಳಿದೊಡನೆ ಶುರುವಾಗುವ ಕೀಟಲೆಗೆ ಹೆದರಿ ಮೈಕು ಮುಚ್ಚಿಕೊಂಡೇ ಆಡುವವರಿದ್ದಾರೆ.

ಯಾವ ಹಂತ ಕಾಯಿಲೆ, ಯಾವುದು ಬರಿಯ ಹವ್ಯಾಸ? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಅಲ್ಲಿ ತಾಸುಗಳ ಲೆಕ್ಕ ಹೇಳಿಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗಿದೆಯೇ, ಹಾನಿ ಕಂಡರೂ ಮುಂದುವರಿದಿದೆಯೇ, ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ನಡೆದಿದೆಯೇ ಎಂದು ನೋಡುತ್ತಾರೆ. ಪರೀಕ್ಷೆ ಮುಗಿದ ವಾರ ರಾತ್ರಿಯಿಡೀ ಆಡಿದವನು ರೋಗಿಯಲ್ಲ. ಹಿಡಿತ ತಪ್ಪಿದೆ ಎನಿಸಿದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ‘ಶಟ್’ ಚಿಕಿತ್ಸಾಲಯವಿದೆ. ಅಷ್ಟು ದೂರ ಹೋಗಲಾಗದವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಈಗ ತತ್ವಪದಗಳೂ ಯೂಟ್ಯೂಬಿನಲ್ಲಿ ಸಿಗುತ್ತವೆ. ಬುತ್ತಿಯ ರೊಟ್ಟಿ ಮುರಿಯುತ್ತ ಅವನ್ನು ಕೇಳುವ ಹುಡುಗರು ಕಲಬುರಗಿಯ ಕೋಣೆಗಳಲ್ಲಿದ್ದಾರೆ. ಅಂಕಿತ ಬಂದು ಪದ ಮುಗಿದ ಕೆಲವೇ ಕ್ಷಣಗಳಲ್ಲಿ ಮುಂದಿನ ವಿಡಿಯೋ ತಾನಾಗಿಯೇ ಶುರುವಾಗುತ್ತದೆ, ಅದು ಮುಗಿದರೆ ಇನ್ನೊಂದು. ಮಂಗಳಾರತಿಯ ನಂತರವೂ ಅಷ್ಟೇ. ತಾನಾಗಿ ಶುರುವಾಗುವ ಆ ಏರ್ಪಾಡನ್ನು ನಿಲ್ಲಿಸುವ ಸಣ್ಣ ಗುಂಡಿ ವಿಡಿಯೋದ ಮೇಲ್ತುದಿಯಲ್ಲಿಯೇ ಇರುತ್ತದೆ, ವಿಡಿಯೋವನ್ನು ಒಮ್ಮೆ ಮುಟ್ಟಿದರೆ ಕಾಣುತ್ತದೆ.